ಹೋಗಿದ್ದು ನಾಲ್ಕು ಸಲ, ಆಗಿದ್ದು ಎಷ್ಟು?

ಬೆಳಿಗ್ಗೆ ಆರು ಗಂಟೆ. ಗಂಡಸರ ಆಪರೇಷನ್ ವಾರ್ಡಿನ ಕೊನೆಯಲ್ಲಿರುವ ತೊಳೆಯುವ ಕೋಣೆಯಲ್ಲಿ ಐವತ್ತೆಂಟರ ನರ್ಸ್ ಒಬ್ಬರು ಕುಕ್ಕರುಗಾಲಿನಲ್ಲಿ ಕುಳಿತಿದ್ದಾರೆ. ಎದುರಿನ ಗಿಡ್ಡ ಕಟ್ಟೆಯ ಮೇಲೆ ಗೆರೆಗಳಿರುವ ಪ್ಲಾಸ್ಟಿಕ್ ಜಗ್ಗು. ಅದರಲ್ಲಿರುವುದು ಮೂರನೇ ಮಂಚದ ರೋಗಿಯ ಮೂತ್ರ. ಕಣ್ಣು ಗೆರೆಗೆ ಸಮನಾಗುವಷ್ಟು ತಲೆ ಬಗ್ಗಿಸಿ ನೋಡುತ್ತಾರೆ. ಇನ್ನೂರ ಎಂಬತ್ತು ಮಿಲಿಲೀಟರ್. ಜಗ್ಗನ್ನು ಕಿಟಕಿಯ ಬೆಳಕಿಗೆ ಹಿಡಿದು ಬಣ್ಣ ನೋಡುತ್ತಾರೆ. ಆಮೇಲೆ ಮಂಡಿಗೆ ಕೈಯೂರಿ, "ಉಸ್ಸಪ್ಪಾ" ಎಂದು ಎದ್ದು ಬರೆದುಕೊಳ್ಳುತ್ತಾರೆ.

ನಿಂತೇ ನೋಡಬಾರದೇ? ಮಂಡಿನೋವು ಬೇರೆ ಇದೆಯಲ್ಲ?

"ನಿಂತ್ಕೊಂಡು ನೋಡಿದ್ರೆ ಮೂವತ್ತು ಜಾಸ್ತಿ ಕಾಣುತ್ತೆ. ಮೂವತ್ತು ಅಂದ್ರೆ ಏನು ಗೊತ್ತಾ? ಅರವತ್ತು ಕೆಜಿ ಮನುಷ್ಯನ ಕಿಡ್ನಿ ಒಂದು ಗಂಟೆಗೆ ಕನಿಷ್ಠ ಅಷ್ಟಾದ್ರೂ ಕೊಡ್ಬೇಕು. ಅದು ಕೊಡದೇ ಇದ್ದಿದ್ದನ್ನ ನಾನು ಕೊಡ್ತು ಅಂತ ಹೇಗೆ ಬರೀಲಿ?"

ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಅವರು 'ಅಳತೆ ಸಿಸ್ಟರ್'. ಹೆಸರು ಹಿಡಿದು ಕರೆದರೆ ಅವರೇ ಒಂದು ಕ್ಷಣ ತಡವರಿಸುತ್ತಾರಂತೆ. ಇಪ್ಪತ್ತೆಂಟು ಮಂಚಗಳು, ಅವುಗಳಲ್ಲಿ ಹತ್ತು ಹನ್ನೆರಡು ಮಂದಿಗೆ ದಿನವೂ ಅಳತೆ. ಒಬ್ಬೊಬ್ಬರದು ನಾಲ್ಕೈದು ಜಗ್ಗು. ಒಳಗೆ ಹೋದ ನೀರು, ಗಂಜಿ, ಡ್ರಿಪ್ಪು ಒಂದು ಕಡೆ. ಹೊರಗೆ ಬಂದದ್ದು ಇನ್ನೊಂದು ಕಡೆ. ಜೊತೆಗೆ ತೂಕ. ಕಣಕಾಲಿನ ಮೇಲೆ ಹೆಬ್ಬೆರಳೊತ್ತಿ ಐದು ಎಣಿಸಿ, ಗುಳಿ ಬಿತ್ತೇ ಎಂದು ನೋಡುವುದು. ರೆಪ್ಪೆ ಊದಿದೆಯೇ, ನಾಲಿಗೆ ಒಣಗಿದೆಯೇ ಎಂದು ನೋಡುವುದು. ಮೂತ್ರದ ನೊರೆ ಬೇಗ ಇಳಿಯದಿದ್ದರೆ, ಬಣ್ಣ ಕಡುಚಹಾದಂತಿದ್ದರೆ ಡಾಕ್ಟರಿಗೆ ಸುದ್ದಿ ಹೋಗಲೇಬೇಕು.

ಈ ಕೆಲಸಕ್ಕೆ ಮನೆಯಲ್ಲಿ ಹಾರ ತುರಾಯಿಯೇನೂ ಸಿಗಲಿಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆ ಅಡುಗೆಮನೆಯ ಬಾಗಿಲಲ್ಲೇ ನಿಂತು "ಕೈ ತೊಳೆದ್ಯಾ?" ಎಂದು ಮೂರು ಸಲ ಕೇಳುತ್ತಿದ್ದರಂತೆ. ಶಾಲೆಯಲ್ಲಿ ಅಮ್ಮನ ಕೆಲಸ ಏನೆಂದು ಕೇಳಿದಾಗ ಮಗಳು "ಉಚ್ಚೆ ಅಳೆಯೋದು" ಎಂದಳು. ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು. ಮಗಳು ಒಂದು ವಾರ ಅಮ್ಮನೊಂದಿಗೆ ಮಾತು ಬಿಟ್ಟಳು. "ಈಗ ಅವಳೇ ಫೋನ್ ಮಾಡಿ, ಅಮ್ಮಾ ಮಗು ಬೆಳಿಗ್ಗೆಯಿಂದ ಎರಡೇ ಡೈಪರ್ ಒದ್ದೆ ಮಾಡಿದೆ, ಸಾಕಾ ಅಂತ ಕೇಳ್ತಾಳೆ" ಎಂದು ಸಿಸ್ಟರ್ ಸೆರಗು ಬಾಯಿಗಿಟ್ಟು ನಗುತ್ತಾರೆ. ಅಂಚೆ ಇಲಾಖೆಯಲ್ಲಿದ್ದ ಗಂಡನಿಗೆ ಬೇರೆಯದೇ ದೂರು: "ನಿಂಬೆ ಶರಬತ್ತು ಮಾಡಿಕೊಟ್ರೂ ಇವಳು ಮೊದಲು ಬೆಳಕಿಗೆ ಹಿಡೀತಾಳೆ. ಆಮೇಲೆ ನಮಗೆ ಕುಡಿಯೋಕೆ ಮನಸ್ಸಾದ್ರೂ ಬರುತ್ತಾ?"

ಅವರು ಮಾಡುವುದು ಏನೆಂದು ತಿಳಿಯಲು ಹೋದ ಸೋಮವಾರದ ಸಂಗತಿಯೊಂದೇ ಸಾಕು.

ಹನ್ನೊಂದನೇ ಮಂಚದಲ್ಲಿ ನಿವೃತ್ತ ಬಸ್ ಕಂಡಕ್ಟರ್ ಒಬ್ಬರಿದ್ದಾರೆ. ಎಪ್ಪತ್ತೊಂದು ವರ್ಷ. ಹರ್ನಿಯಾ ಆಪರೇಷನ್ ಆಗಿದೆ. ಮೂತ್ರದ ನಳಿಕೆಯನ್ನು ಹಿಂದಿನ ದಿನವೇ ತೆಗೆದಿದ್ದಾರೆ. ಮನೆಗೆ ಕಳಿಸುವ ಕಾಗದಕ್ಕೆ ಡಾಕ್ಟರ ಸಹಿ ಬಿದ್ದಿದೆ. ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟು ಕುಳಿತಿದ್ದಾರೆ. ಮಗಳು ಆಟೋ ನಿಲ್ಲಿಸಿ ಬಂದಿದ್ದಾಳೆ. ಚಾರ್ಟಿನಲ್ಲಿ 'ಮೂತ್ರ: ನಾಲ್ಕು ಸಲ' ಎಂದಿದೆ. ಅದರ ಪಕ್ಕ ಅಳತೆ ಬರೆದುಕೊಳ್ಳುವ ಜಾಗ ಮಾತ್ರ ಖಾಲಿ.

ಸಿಸ್ಟರ್ ಆ ಖಾಲಿ ಜಾಗದ ಮೇಲೆ ಬೆರಳಿಟ್ಟು ನಿಲ್ಲುತ್ತಾರೆ. "ಅಜ್ಜಾ, ಒಂದಕ್ಕೆ ಆಯ್ತಾ?"

"ನಾಲ್ಕು ಸಲ ಹೋಗಿ ಬಂದೆನಮ್ಮ."

"ಹೋಗಿ ಬಂದಿದ್ದು ಸರಿ. ಆಯ್ತಾ ಅಂತ ಕೇಳಿದ್ದು."

ಅಜ್ಜ ಮಗಳ ಕಡೆ ನೋಡಿ ದನಿ ತಗ್ಗಿಸುತ್ತಾರೆ. "ಸ್ಟಾಪಿಗೆ ಹೋಗಿದ್ದೆ. ಬಸ್ಸು ಬರಲಿಲ್ಲ. ನಾಲ್ಕು ಹನಿ ಬಿತ್ತು, ಅಷ್ಟೇ."

"ಅಯ್ಯೋ ದೇವ್ರೇ! ನೆನ್ನೆ ಯಾಕೆ ಹೇಳ್ಲಿಲ್ಲ?"

"ಹೋದ್ರಾ ಅಂದ್ರು, ಹೋದೆ ಅಂದೆ. ನಾನೇನು ಸುಳ್ಳು ಹೇಳಿದ್ನಾ?"

ಸುಳ್ಳಲ್ಲ. ನಾಚಿಕೆಯ ಮಾತಿಗೆ ನಮ್ಮ ನುಡಿಯಲ್ಲಿ ಮರೆ ಹೆಚ್ಚು. ಒಂದಕ್ಕೆ ಹೋಗುವುದು, ಹೊರಗೆ ಹೋಗುವುದು, ಹೋಗಿ ಬರುವುದು. ಹೋದ ಮೇಲೆ ಏನಾಯಿತು ಎಂಬುದನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ಸಿಸ್ಟರ್ ಪರದೆ ಎಳೆದು ಅಜ್ಜನನ್ನು ಮಲಗಿಸುತ್ತಾರೆ. ಹೊಕ್ಕುಳಿನ ಕೆಳಗೆ ಎಡಗೈ ಬೆರಳಿಟ್ಟು ಬಲಗೈ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾರೆ. ಮೂತ್ರಕೋಶ ಖಾಲಿಯಿದ್ದರೆ ಹೊಟ್ಟೆ ಟೊಳ್ಳು ಡಬ್ಬಿಯಂತೆ ಸದ್ದು ಮಾಡಬೇಕು. ಇಲ್ಲಿ ಹೊಕ್ಕುಳಿನವರೆಗೂ ಮಂದ ಸದ್ದು.

"ತುಂಬಿದ ಕೊಡ ತುಳುಕೋದಿಲ್ಲ ಅಂತಾರಲ್ಲ ಅಜ್ಜಾ, ನಿಮ್ಮದು ಅದೇ ಕಥೆ."

ಪರದೆಯಾಚೆ ಮಗಳಿಗೆ ತಾಳ್ಮೆ ತಪ್ಪುತ್ತದೆ. "ಸೈನ್ ಆಗಿದೆಯಲ್ಲಾ ಸಿಸ್ಟರ್, ಮತ್ಯಾಕೆ ತಡೀತೀರಿ? ಆಟೋದವ್ನು ಬೈತಿದ್ದಾನೆ."

"ಅವನು ಬೈದ್ರೆ ನನ್ನ ಹತ್ರ ಕಳಿಸಮ್ಮ. ನಿಮ್ಮಪ್ಪನ್ನ ಈಗ ಕಳಿಸಲ್ಲ."

ಡಾಕ್ಟರ್ ಬರುತ್ತಾರೆ. ಸಿಸ್ಟರ್‌ಗಿಂತ ಇಪ್ಪತ್ತೈದು ವರ್ಷ ಚಿಕ್ಕವರು. ಆ ಮಂಚಕ್ಕೆ ಇನ್ನೊಬ್ಬ ರೋಗಿ ಹೊರಗೆ ಕಾಯುತ್ತಿದ್ದಾನೆ. "ನಾಲ್ಕು ಸಲ ಅಂತ ಬರ್ದಿದೆಯಲ್ಲ ಸಿಸ್ಟರ್?"

"ಹೋಗಿದ್ದು ನಾಲ್ಕು ಸಲ ಸರ್. ಆಗಿದ್ದು ಒಂದು ಸಲಾನೂ ಇಲ್ಲ. ನೀವೇ ಕೈಯಿಟ್ಟು ನೋಡಿ."

ಡಾಕ್ಟರ್ ಕೈಯಿಟ್ಟು ನೋಡುತ್ತಾರೆ. ಸಹಿ ಮಾಡಿದ ಕಾಗದವನ್ನು ವಾಪಸ್ ಪಡೆಯುತ್ತಾರೆ. ನಳಿಕೆ ಹಾಕಿದರೆ ಸಾವಿರದ ನೂರು ಮಿಲಿಲೀಟರ್. ರಕ್ತ ಪರೀಕ್ಷೆಯೂ ಆಗುತ್ತದೆ. ಕಿಡ್ನಿ ಸೋಸುವುದು ಕಡಿಮೆಯಾದಷ್ಟೂ ಏರುವ ಕ್ರಿಯಾಟಿನಿನ್ ಎಂಬ ಅಂಕಿ, ದಾಖಲಾದ ದಿನ ಒಂದು ಬಿಂದು ಒಂದು ಇದ್ದದ್ದು ಈಗ ಎರಡು ಬಿಂದು ನಾಲ್ಕಕ್ಕೆ ಏರಿದೆ. ಕೆಳಗೆ ದಾರಿ ಕಟ್ಟಿದ್ದರಿಂದ ಒತ್ತಡ ಮೇಲಕ್ಕೆ, ಕಿಡ್ನಿಗೆ ತಿರುಗಿದೆ. ಹಾಗೆಯೇ ಮನೆಗೆ ಹೋಗಿದ್ದರೆ ಅಜ್ಜ ಅಲ್ಲಿಯೂ ಹೋಗಿ ಬಂದೆ ಎನ್ನುತ್ತಲೇ ಇರುತ್ತಿದ್ದರು.

ನಾಲ್ಕು ಸಲ ಎಂದು ಬರೆದ ಸಹೋದ್ಯೋಗಿ ಅಳುತ್ತಾಳೆ. ಅಳತೆ ಸಿಸ್ಟರ್ ಅವಳಿಗೆ ಬೈಯುವುದಿಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಅವರೂ ಒಬ್ಬ ಹೆಂಗಸಿನ ಚಾರ್ಟಿನಲ್ಲಿ 'ಹೋದರು' ಎಂದು ಬರೆದಿದ್ದರು. ಆಕೆಯ ಕಿಡ್ನಿ ಉಳಿಯಲಿಲ್ಲ. "ಬೇರೆ ಕಾಯಿಲೆನೂ ಇತ್ತು, ನಿನ್ನ ಒಂದು ಪದದಿಂದ ಆಗಿದ್ದಲ್ಲ ಅಂತ ದೊಡ್ಡ ಡಾಕ್ಟ್ರು ಸಮಾಧಾನ ಹೇಳಿದ್ರು. ಇರಬಹುದು. ಆದ್ರೆ ಆ ಪದ ನನ್ನ ಅಕ್ಷರದಲ್ಲೇ ಇತ್ತಲ್ಲ."

ಕಂಡಕ್ಟರಜ್ಜನ ಅಳತೆಯನ್ನು ಮೂರು ದಿನ ಗಂಟೆ ಗಂಟೆಗೂ ಬರೆಯುತ್ತಾರೆ. ಅಂಕಿ ಒಂದು ಬಿಂದು ಒಂಬತ್ತಕ್ಕೆ, ಆಮೇಲೆ ಒಂದು ಬಿಂದು ಮೂರಕ್ಕೆ ಇಳಿಯುತ್ತದೆ. ಶನಿವಾರ ಮಗಳು ಮತ್ತೆ ಆಟೋ ತರುತ್ತಾಳೆ. ಈ ಸಲ ಅವಳೇ ಕೇಳುತ್ತಾಳೆ: "ಸಿಸ್ಟರ್, ಮನೇಲಿ ಅಳೆಯೋಕೆ ಜಗ್ಗು ಎಲ್ಲಿ ಸಿಗುತ್ತೆ?"

ಸಿಸ್ಟರ್‌ಗೆ ನಿವೃತ್ತಿಗೆ ಹದಿನಾಲ್ಕು ತಿಂಗಳಿದೆ. ಅವರ ವಾರ್ಡಿನ ಚಾರ್ಟುಗಳಲ್ಲಿ 'ಎಷ್ಟು ಸಲ ಹೋದರು' ಎಂಬ ಅಚ್ಚಾದ ಕಾಲಂ ಇದೆ. ಸೋಮವಾರದಿಂದ ಅವರು ಪ್ರತಿ ಹಾಳೆಯಲ್ಲೂ ಅದಕ್ಕೆ ಸ್ಕೇಲಿಟ್ಟು ಗೆರೆ ಹೊಡೆದು, ಮೇಲೆ 'ಎಷ್ಟು ಆಯಿತು' ಎಂದು ಕೈಯಲ್ಲೇ ಬರೆಯುತ್ತಿದ್ದಾರೆ. ಬದಲಿಸಿ ಎಂದು ಆಫೀಸಿಗೆ ಅರ್ಜಿಯನ್ನೂ ಕೊಟ್ಟಿದ್ದಾರೆ. ಹಳೆಯ ಹಾಳೆಗಳು ಇನ್ನೂ ಎರಡು ವರ್ಷಕ್ಕಾಗುವಷ್ಟು ಉಳಿದಿವೆ, ಮುಗಿಯಲಿ ಎಂದು ಉತ್ತರ ಬಂದಿದೆ.

"ಹಾಳೆ ಬೇಗ ಮುಗೀಲಿ ಅಂತ ಬರ್ದಿದ್ದನ್ನೇ ಎರಡೆರಡು ಸಲ ಬರೀತೀಯಾ ಅಂತ ನಮ್ಮ ಯಜಮಾನ್ರು ತಮಾಷೆ ಮಾಡ್ತಾರೆ" ಎನ್ನುತ್ತಾ ಸಿಸ್ಟರ್ ಮುಂದಿನ ಹಾಳೆಗೆ ಸ್ಕೇಲಿಡುತ್ತಾರೆ. "ಸನ್ಮಾನ, ಶಾಲು ಏನೂ ಬೇಡ. ನಾನಿರೋದ್ರೊಳಗೆ ಹೊಸ ಹಾಳೆ ಒಂದಾದ್ರೂ ಅಚ್ಚಾಗಿ ಬರ್ಲಿ. ಅದರಲ್ಲಿ ಮೊದಲನೇ ಅಂಕಿ ನಾನೇ ಬರೀಬೇಕು."