ಬೇಡ ಎನ್ನಲಾಗದ ದುಭಾಷಿ

ಎಂಬತ್ತರ ದಶಕದಲ್ಲಿ ನಾನು ಬಾಗಲಕೋಟೆಯ ಕಾಲೇಜೊಂದರಲ್ಲಿ ಬಿ.ಕಾಂ. ತರಗತಿಗೆ ಪಾಠ ಹೇಳುತ್ತಿದ್ದೆ. ಒಂದು ವರ್ಷ ವಿದೇಶಿ ವ್ಯಾಪಾರ ಎಂಬ ಐಚ್ಛಿಕ ವಿಷಯ ಬಂತು. ಯಾರಿಗೂ ಬೇಡವಾದದ್ದನ್ನು ಕಿರಿಯನ ತಲೆಗೆ ಕಟ್ಟುವುದು ರೂಢಿ, ನನಗೆ ಕಟ್ಟಿದರು. ನಾನು ಅಲ್ಲಿಯವರೆಗೆ ಕಂಡ ವಿದೇಶವೆಂದರೆ ಬಾದಾಮಿಯ ಗುಹೆಗಳ ಮೆಟ್ಟಿಲ ಮೇಲೆ ಕೂತು ಬೆವರು ಒರೆಸಿಕೊಳ್ಳುವ ಪ್ರವಾಸಿಗರು ಮಾತ್ರ. ಆದರೂ ಪರದೇಶದವರೊಡನೆ ವ್ಯವಹರಿಸುವಾಗ ಅವರ ರೀತಿ ರಿವಾಜು ಅರಿತಿರಬೇಕು ಎಂದು ನೋಟ್ಸ್ ಬರೆಸುತ್ತಿದ್ದೆ. ಬರೆಸುವವನಿಗೂ ಬರೆಯುವವರಿಗೂ ತೂಕಡಿಕೆ.

ಅದು ಹೇಗೋ ಇಳಕಲ್ಲಿನ ಗ್ರಾನೈಟ್ ಗಣಿಯ ಮಾಲೀಕರೊಬ್ಬರ ಕಿವಿಗೆ ಬಿತ್ತು. ಕಾಲೇಜಿಗೇ ಬಂದರು.

“ಇಟಲಿಯಿಂದ ಕಲ್ಲು ಕೊಳ್ಳಾಂವ ಬರ್ತಾನ್ರಿ ಸರ. ನೀವು ಅದನ್ನ ಕಲಸ್ತೀರಂತಲ್ಲ, ಬಂದು ಅವನ ಇಂಗ್ಲಿಷ್ ಮಾತು ನಮ್ಮವ್ರಿಗೆ ತಿಳಿಸಿ ಹೇಳ್ರಿ.”

ನಸುಕಿನ ಬಸ್ಸಿಗೆ ಹೊರಟೆ. ಅಮೀನಗಡ, ಹುನಗುಂದ ದಾಟುವವರೆಗೂ ನಿಂತೇ ಇದ್ದೆ. ಗಣಿ ಮುಟ್ಟುವಷ್ಟರಲ್ಲಿ ಸೊಂಟ ಸೋತಿತ್ತು.

ಮಾಲೀಕರು ಊಟದ ವ್ಯವಸ್ಥೆಗೆಂದು ಮನೆಗೆ ಹೋದರು. ಉಳಿದವರು ನಾನು, ಇಟಲಿಯವನು, ಗಣಿಯ ಮೇಸ್ತ್ರಿ ಮತ್ತು ಅವರ ಕೈಕೆಳಗಿನ ಆಳುಗಳು. ಮೇಸ್ತ್ರಿ ಅರವತ್ತರ ಹತ್ತಿರದ ಮುಸಲ್ಮಾನ ಹಿರಿಯರು. ಎಲ್ಲರಂತೆ ನಾನೂ ಅವರನ್ನು ಚಾಚಾ ಎಂದೆ. ಇಟಲಿಯವನು ಕೆಂಪು ಕಲ್ಲಿನ ಒಂದೊಂದು ಬ್ಲಾಕಿನ ಮೇಲೂ ನೀರು ಸುರುವಿ, ಬಾಗಿ ನೋಡಿ, ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಎಲ್ಲಕ್ಕಿಂತ ದೊಡ್ಡ ಬ್ಲಾಕಿನಲ್ಲಿ ಒಂದು ಕರಿ ಗೆರೆ ಎದ್ದು ಕಂಡಿತು.

“ಗೆರಿ ಮ್ಯಾಲಷ್ಟ ಐತಿ. ನಾಕು ಬಟ್ಟು ಕೆತ್ತಿದ್ರ ಹೋಗ್ತೈತಿ ಅಂತ ಹೇಳ್ರಿ ಸರ,” ಎಂದರು ಚಾಚಾ.

ಹೇಳಿದೆ. ಅವನು ತಲೆಯೆತ್ತದೆ, “ನೋ. ನಾಟ್ ದಿಸ್ ಒನ್,” ಎಂದು ಮುಂದಿನ ಕಲ್ಲಿಗೆ ಹೋದ.

ಚಾಚಾ ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟು ವಯಸ್ಸಾದವರಿಗೆ, ಅವರ ಕೈಕೆಳಗಿನವರ ಎದುರಿಗೆ ಬೇಡ ಎನ್ನಲು ನನಗೆ ನಾಲಿಗೆ ಏಳಲಿಲ್ಲ.

“ನೋಡೋಣು ಅಂತಾರ, ಚಾಚಾ,” ಎಂದೆ.

ಹತ್ತು ದಿನದ ಮೇಲೆ ಅವನು ಬೇರೆ ಗಣಿಗಳನ್ನೆಲ್ಲ ಸುತ್ತಿ, ಆರಿಸಿದ ಕಲ್ಲುಗಳಿಗೆ ಬಣ್ಣದ ಗುರುತು ಹಾಕಲು ಮರಳಿ ಬಂದ. ಮತ್ತೆ ನನ್ನನ್ನು ಕರೆಸಿದರು. ಆ ದೊಡ್ಡ ಬ್ಲಾಕಿನ ಒಂದು ಮಗ್ಗುಲನ್ನು ಪೂರಾ ಕೆತ್ತಿದ್ದರು. ಕರಿ ಗೆರೆ ಹಾಗೇ ಇತ್ತು. ಒಳಗೆ ಹೋದಂತೆ ಇನ್ನೂ ದಪ್ಪಗಾಗಿತ್ತು. ಚಾಚಾ ಅವರ ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು. ಇಟಲಿಯವನು ನಿಲ್ಲದೆ ಅದನ್ನು ದಾಟಿದ. ನಾನು ಕೇಳಿದ್ದಕ್ಕೆ, ಅಂದೇ ಬೇಡ ಎಂದಿದ್ದೆನಲ್ಲ ಎಂದ.

ಅವನು ಹೋದ ಮೇಲೆ ಚಾಚಾ ನನ್ನ ಪಕ್ಕಕ್ಕೆ ಬಂದು ಕೂತರು.

“ಖರೆ ಹೇಳ್ರಿ ಸರ. ಅವತ್ತ ಅವ ಏನಂದಿದ್ದ?”

“ಬ್ಯಾಡ ಅಂದಿದ್ದ, ಚಾಚಾ. ನಿಮಗ ಬೇಜಾರಾಗ್ತೈತಿ ಅಂತ…”

“ಬೇಜಾರ ಏನ್ರಿ? ದಿನಾ ಎಷ್ಟು ಕಲ್ಲಿಗೆ ನಾನಽ ಬ್ಯಾಡ ಅಂತೀನಿ. ಎಂಟು ದಿನ ಬಡದೇವ್ರಿ, ನಾಕು ಮಂದಿ.”

ಸಿಟ್ಟು ಮಾಡಲಿಲ್ಲ. ಬೀಡಿ ಹಚ್ಚಲು ನೋಡಿದರು. ಬಟ್ಟೆ ಸುತ್ತಿದ ಬೆರಳಿಗೆ ಕಡ್ಡಿ ಗೀರಲಾಗಲಿಲ್ಲ. ನಾನು ಹಚ್ಚಿಕೊಟ್ಟೆ. ಮಾಲೀಕರು ಕೂಲಿಯಲ್ಲಿ ಏನೂ ಮುರಿಯಲಿಲ್ಲವೆಂದು ಆಮೇಲೆ ತಿಳಿಯಿತು. ಆದರೆ ನನಗೆ ಅದರಿಂದ ಹಗುರಾಗಲಿಲ್ಲ.

ಮರುದಿನ ತರಗತಿಯಲ್ಲಿ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದೆ. ಎಲ್ಲರೂ ಪೆನ್ನು ಕೆಳಗಿಟ್ಟು ಕೇಳಿದರು. ಮುಗಿದ ಮೇಲೆ ಒಬ್ಬ ಎದ್ದು, “ಸರ, ಇದು ಪರೀಕ್ಷೆಗೆ ಬರ್ತೈತೇನ್ರಿ?” ಎಂದ. ಇಲ್ಲ ಎಂದೆ. ನೋಟ್ಸ್ ಮುಂದುವರಿಸಿದೆವು.

ಮುಂದಿನ ವರ್ಷ ಇನ್ನೊಬ್ಬ ಕೊಳ್ಳುವವನು ಬಂದಾಗ ನಾನು ಹೋಗುವವನಿರಲಿಲ್ಲ. “ಮೇಸ್ತ್ರಿ ನಿಮ್ಮನ್ನಽ ಕರಸ್ರಿ ಅಂದಾನ್ರಿ,” ಎಂದು ಮಾಲೀಕರು ಹೇಳಿದ್ದರಿಂದ ಹೋದೆ. ಆ ದಿನ ಬಿಸಿಲಿನಲ್ಲಿ ಒಂದೊಂದು ಕಲ್ಲಿನ ಮುಂದೆಯೂ ನಿಂತು, ಕೊಳ್ಳುವವನು ಅಂದದ್ದನ್ನು ಅಂದ ಹಾಗೇ ಹೇಳಿದೆ. ಬೇಡ ಎಂದದ್ದೇ ಹೆಚ್ಚು. ಚಾಚಾ ಪ್ರತಿ ಸಲ “ಆತು” ಎಂದು ಇದ್ದಿಲಿನಿಂದ ಕಲ್ಲಿಗೊಂದು ಗೀಟು ಎಳೆದು ಮುಂದಕ್ಕೆ ನಡೆದರು. ಸಂಜೆ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಹುನಗುಂದ ಬರುವ ಮೊದಲೇ ನಿದ್ದೆ ಹೋಗಿದ್ದೆ. ಬಾಗಲಕೋಟೆಯಲ್ಲಿ ಕಂಡಕ್ಟರ್ ಭುಜ ಅಲುಗಿಸಿ ಎಬ್ಬಿಸಿದ.