ಪ್ರೇಕ್ಷಕರ ಸಾಲಿನಲ್ಲಿ ಹಾಡುಗಾರ್ತಿ

ದೇವಕಿಯ ಗಂಡ ಕೇಶವಮೂರ್ತಿ ಕೇಂದ್ರ ಸರ್ಕಾರದ ಗುಮಾಸ್ತ. ಮದುವೆಯಾಗಿ ರಾಜಧಾನಿಯ ಕಿದ್ವಾಯಿ ನಗರದ ಕ್ವಾರ್ಟರ್ಸಿಗೆ ಬಂದ ಹೊಸತರಲ್ಲಿ ಅವಳು ಹಾಡುತ್ತಿದ್ದದ್ದು ಅಡುಗೆಮನೆಯಲ್ಲಿ ಮಾತ್ರ. ಆ ದನಿ ಕೇಳಿ ಮೇಲಿನ ಮಹಡಿಯ ಹರಿಣಿ ಇಳಿದು ಬಂದಳು. ಅವಳು ಆಗಷ್ಟೇ ನಾಲ್ಕು ಮಕ್ಕಳಿಗೆ ಭರತನಾಟ್ಯ ಹೇಳಿಕೊಡಲು ಶುರು ಮಾಡಿದ್ದಳು.

"ಅಕ್ಕಾ, ನಮ್ಮ ಕ್ಲಾಸಿಗೆ ಹಾಡ್ತೀರಾ?"

"ನೃತ್ಯಕ್ಕೆ ಹಾಡಿ ನಂಗೆ ಗೊತ್ತಿಲ್ಲ ಕಣೇ."

"ನಂಗೂ ಕಲಿಸಿ ಗೊತ್ತಿಲ್ಲ. ಚಲೋ, ಇಬ್ಬರೂ ಕಲಿಯೋಣ."

ಕಲಿತರು. ಸಂಗೀತ ಕಚೇರಿಯಲ್ಲಾದರೆ ಹಾಡುವವರು ಕಣ್ಣು ಮುಚ್ಚಿಕೊಳ್ಳಬಹುದು. ನೃತ್ಯಕ್ಕೆ ಹಾಡುವಾಗ ಕುಣಿಯುವ ಮಗುವಿನ ಮುಖದಿಂದ ಕಣ್ಣು ಕೀಳುವಂತಿಲ್ಲ. ಕಳ್ಳಕೃಷ್ಣನನ್ನು ತಾಯಿ ಹುಡುಕುವ ಒಂದು ಹಾಡಿತ್ತು. 'ಎಲ್ಲಿ ಅಡಗಿದೆಯೋ' ಎಂಬ ಸಾಲನ್ನು ಒಬ್ಬಳಿಗೆ ಎರಡು ಸಲ ಹಾಡಿದರೆ ಸಾಕಾಗುತ್ತಿತ್ತು, ಇನ್ನೊಬ್ಬಳು ಬಾಗಿಲ ಸಂದಿ, ಹಾಸಿಗೆ, ಕಣಜ ಎಲ್ಲ ತಡಕಿ ಮುಗಿಸುವವರೆಗೂ ಹಾಡುತ್ತಲೇ ಇರಬೇಕಿತ್ತು. ಒಂದು ಸಲ ಗದರಿಕೆ, ಒಂದು ಸಲ ಮುದ್ದು, ಒಂದು ಸಲ ನಿಜವಾದ ಗಾಬರಿ. ಲಲಿತಕಲೆ ಎಂದರೇನು ಅಂತ ಯಾರಾದರೂ ಕೇಳಿದ್ದರೆ ದೇವಕಿ ಉತ್ತರ ಕೊಡುತ್ತಿರಲಿಲ್ಲ, ನಾಚಿಕೊಂಡು ಕಾಫಿ ತರಲು ಹೋಗುತ್ತಿದ್ದಳು. ಆದರೆ ಮಗು ಕಣ್ಣೆತ್ತಿದ ಕ್ಷಣಕ್ಕೆ ಸರಿಯಾಗಿ ತನ್ನ ದನಿ ಹೊರಟರೆ ಆ ದಿನವೆಲ್ಲ ಅವಳಿಗೆ ಹಬ್ಬ.

ಹರಿಣಿ ಮನೆ ಕೊಂಡು ಗ್ರೇಟರ್ ನೋಯ್ಡಾಕ್ಕೆ ಹೋದಳು. ನೃತ್ಯಶಾಲೆ ಬೆಳೆಯಿತು. ಶನಿವಾರ, ಭಾನುವಾರ ದೇವಕಿ ಎರಡು ಮೆಟ್ರೋ ಬದಲಿಸಿ, ಆಟೋ ಹಿಡಿದು ಅಲ್ಲಿಗೆ ಹೋಗುವುದು ರೂಢಿಯಾಯಿತು. ವರ್ಷಗಳೇ ಕಳೆದವು.

ಹೋದ ಚಳಿಗಾಲದಲ್ಲಿ ಹರಿಣಿ, "ಅಕ್ಕಾ, ಎಲ್ಲಾ ಹಾಡೂ ಒಮ್ಮೆ ರೆಕಾರ್ಡ್ ಮಾಡಿಬಿಡೋಣ. ಮಕ್ಕಳು ಮನೇಲಿ ಪ್ರಾಕ್ಟೀಸ್ ಮಾಡ್ಕೋತಾರೆ" ಎಂದಳು. ಮಕ್ಕಳಿಗೆ ಅಂದಮೇಲೆ ದೇವಕಿ ಎರಡನೇ ಮಾತಾಡಲಿಲ್ಲ. ಗಂಟಲು ಕಟ್ಟಿದ್ದರೂ ಬಿಸಿನೀರು ಕುಡಿದು ಕುಡಿದು ಹಾಡಿದಳು.

ಮಾರ್ಚಿನಲ್ಲಿ ಮಾನ್ಯಾಳ ರಂಗಪ್ರವೇಶ. ಮಾನ್ಯಾ ಆರು ವರ್ಷದವಳಿದ್ದಾಗಿನಿಂದ ದೇವಕಿಯ ಹಾಡಿಗೇ ಕುಣಿದು ಬೆಳೆದ ಹುಡುಗಿ. "ಈ ಸಲ ನೀವು ಅತಿಥಿ, ಆರಾಮಾಗಿ ಮುಂದೆ ಕೂತು ನೋಡಿ" ಎಂದಳು ಹರಿಣಿ. ಚೆನ್ನೈನಿಂದ ದೊಡ್ಡ ಹಾಡುಗಾರರು ಬರುತ್ತಿರಬೇಕು ಅಂದುಕೊಂಡ ದೇವಕಿಗೆ ಸ್ವಲ್ಪ ಚುರುಕ್ಕೆಂದಿತು. ಆದರೂ ಮದುವೆಯ ರೇಷ್ಮೆ ಸೀರೆ ಉಟ್ಟು ಗಂಡನ ಜೊತೆ ಹೋದಳು.

ಪರದೆ ಸರಿಯಿತು. ವಾದ್ಯದವರು ಕೂರುವ ಜಾಗದಲ್ಲಿ ಹೂವಿನ ಕುಂಡಗಳಿದ್ದವು. ಎರಡು ಕಡೆಯ ಸ್ಪೀಕರುಗಳಿಂದ ದೇವಕಿಯ ದನಿ ಬಂತು.

ಕೇಶವಮೂರ್ತಿ ಹೆಂಡತಿಯತ್ತ ತಿರುಗಿದರು. "ಇದು ನೀನಲ್ವೇನೇ?"

ಅವಳು ಹೌದೆಂದು ತಲೆಯಾಡಿಸಿದಳು.

ಕೃಷ್ಣನ ಹಾಡು ಬಂದಾಗ ಮಾನ್ಯಾ ಎಂದೂ ಮಾಡದಷ್ಟು ಚೆನ್ನಾಗಿ ಹುಡುಕತೊಡಗಿದಳು. ಕಣಜದೊಳಗೆ ಬಗ್ಗಿ ನೋಡಿದಳು, ಎದೆಯ ಮೇಲೆ ಕೈಯಿಟ್ಟು ನಿಂತಳು, ಆ ಸಾಲು ಇನ್ನೊಮ್ಮೆ ಬರಲೆಂದು ಕುಂಡಗಳ ಕಡೆ ಕಣ್ಣೆತ್ತಿದಳು. ದನಿ ಆಗಲೇ ಮುಂದಿನ ಚರಣಕ್ಕೆ ಹೋಗಿತ್ತು. ಹುಡುಗಿ ಓಡಿ ಬಂದು ತಾಳ ಹಿಡಿದಳು. ಸಭೆ ಚಪ್ಪಾಳೆ ತಟ್ಟಿತು. ದೇವಕಿಗೆ ಸಭೆಯ ನಡುವೆ ಯಾರೋ ತನ್ನ ಸೀರೆಗೆ ಕೈ ಹಾಕಿದಂತಾಯಿತು.

ಮುಗಿದ ಮೇಲೆ ನೇರ ಗ್ರೀನ್‌ರೂಮಿಗೆ ಹೋದಳು.

"ಮಕ್ಕಳ ಅಭ್ಯಾಸಕ್ಕೆ ಅಂತ ನೀನು ಅಂದಿದ್ದೆ."

"ಅಕ್ಕಾ, ಎಲ್ಲರೂ ಈಗ ಹೀಗೇ ಮಾಡೋದು. ಟ್ರ್ಯಾಕ್ ಆದ್ರೆ ತಪ್ಪಾಗೋ ಭಯ ಇಲ್ಲ."

"ತಪ್ಪಾಯ್ತಲ್ಲ. ಅವಳಿನ್ನೂ ಹುಡುಕ್ತಿದ್ದಳು, ನಾನು ಬಿಟ್ಟು ಮುಂದೆ ಹೋದೆ."

"ನೀವಲ್ಲ ಅಕ್ಕಾ, ಟ್ರ್ಯಾಕು."

"ದನಿ ಯಾರದ್ದು? ನಂಗೆ ಮೊದಲೇ ಯಾಕೆ ಹೇಳಲಿಲ್ಲ?"

ಹರಿಣಿ ಕಿವಿಯೋಲೆ ಬಿಚ್ಚುತ್ತಾ ಕನ್ನಡಿಯನ್ನೇ ನೋಡುತ್ತಿದ್ದಳು. "ಹೇಳಿದ್ರೆ ನೀವು ಹಾಡ್ತಿದ್ರಾ?"

ದೇವಕಿ ವಾಪಸು ಬಂದಳು. ಮೆಟ್ರೋದಲ್ಲಿ ಕೇಶವಮೂರ್ತಿ, "ಬಿಡು, ನಿನ್ನ ಹಾಡು ಅಷ್ಟು ಜನ ಕೇಳಿದರಲ್ಲ" ಎಂದು ಸಮಾಧಾನ ಹೇಳಿದರು. ಅವಳು ಅವರ ಮೇಲೂ ಸಿಟ್ಟಾದಳು. ಮತ್ತೆ ಆ ಶಾಲೆಗೆ ಹೋಗಲಿಲ್ಲ, ಅವಳು ಬರಬೇಕಾದ ಅಗತ್ಯವೂ ಅಲ್ಲಿ ಯಾರಿಗೂ ಬೀಳಲಿಲ್ಲ.

ಮಳೆಗಾಲದಲ್ಲಿ ಹರಿಣಿಯ ಫೋನ್ ಬಂತು. ದನಿಯಲ್ಲಿ ಹಳೆಯ ಸಲಿಗೆಯೇ ಇತ್ತು. "ಅಕ್ಕಾ, ಕೃಷ್ಣನ ಹಾಡಿನ ಕೊನೇಲಿ ನಿಮ್ಮ ಕೆಮ್ಮು ಸೇರಿಕೊಂಡುಬಿಟ್ಟಿದೆ. ಒಂದು ಸಾಲು ಅಷ್ಟೇ, ಫೋನಲ್ಲೇ ಹಾಡಿ ಕಳಿಸ್ತೀರಾ?"

ದೇವಕಿ ಒಲೆಯ ಉರಿ ಸಣ್ಣ ಮಾಡಿದಳು.

"ಕೆಮ್ಮೂ ನಂದೇ ಕಣೇ. ಅದನ್ನೂ ಇಟ್ಕೋ" ಎಂದು ಫೋನಿಟ್ಟಳು.