ಚಾರ್ಟಿಗೆ ಬಿದ್ದ ಕೊಂಡಿ

ನೀರು ಹೇಗೆ ಕೆಡುತ್ತದೆಂದು ತಿಳಿಸಲು ನಾನೇ ಬರೆದ ಚಾರ್ಟು ಹಿಡಿದು ಇಳಕಲ್ಲಿನ ನೇಕಾರರ ಮನೆಗಳಿಗೆ ಹೋಗುತ್ತಿದ್ದೆ. ಬಣ್ಣದ ನೀರಿನಿಂದ ಗಟಾರಕ್ಕೆ, ಗಟಾರದಿಂದ ಹಳ್ಳಕ್ಕೆ, ಹಳ್ಳದಿಂದ ಬಾವಿಗೆ ಬಾಣಗಳು.

ಪಕ್ಕದ ಮನೆಯ ಮಗ್ಗದ ಸದ್ದು ಜೋಗುಳದಂತೆ ಕೇಳುತ್ತಿದ್ದ ಮಧ್ಯಾಹ್ನ. ನೂಲಿಗೆ ಬಣ್ಣ ಹಾಕುವ ಶಾಂತಕ್ಕ ಅಂದು ಸೆರಗಿನ ಎಳೆಗಳನ್ನು ಸೀರೆಯ ಎಳೆಗಳಿಗೆ ಕೊಂಡಿ ಹಾಕಿ ಕೂಡಿಸುತ್ತಿದ್ದರು.

"ಬಾವಿಗೆ ಬಂದು ನಿಂತೈತಲ್ರಿ ಬಾಣ? ನಾ ಬಣ್ಣ ಕಲಸೂದು ಅದೇ ಬಾವಿ ನೀರಾಗ," ಎನ್ನುತ್ತ ಚಾರ್ಟಿನ ಮೇಲೆ ಬಾವಿಯಿಂದ ಬಣ್ಣದವರೆಗೆ ಕೆಂಪು ನೂಲೊಂದನ್ನು ಹಾಸಿದರು. "ಕೊಂಡಿ ಹಾಕಲಿಲ್ಲಂದ್ರ ಸೆರಗು ನಿಲ್ಲೂದಿಲ್ಲ."

ಗಾಳಿಗೆ ನೂಲು ಅಲುಗಿತು. ಬಾಣಗಳೆಲ್ಲ ಮೆಲ್ಲಗೆ ಸುತ್ತತೊಡಗಿದಂತೆ ಕಂಡಿತು. ಆ ಮಂಪರಿನಲ್ಲೇ ಅವರು ಕೊಟ್ಟಿದ್ದ ಚಹಾ ಕುಡಿದು ಮುಗಿಸಿ, "ಈ ಚಹಾ ಯಾವ ನೀರಿಂದ್ರಿ, ಅಕ್ಕಾ?" ಎಂದೆ.

ಶಾಂತಕ್ಕ ಬಾವಿಯಿಂದ ಹಾಸಿದ್ದ ಆ ನೂಲಿನ ತುದಿಯನ್ನೆತ್ತಿ ನನ್ನ ಖಾಲಿ ಕಪ್ಪಿಗೆ ಒಂದು ಸುತ್ತು ಹಾಕಿದರು. ಅಷ್ಟು ಚಂದ ಚಾರ್ಟು ಬರೆದವನು ಅದರಲ್ಲಿ ನನ್ನನ್ನೇ ಬಿಟ್ಟಿದ್ದೆ.